ಮೂರು ಕಚೇರಿ, ಮೂರು ಸಾಫ್ಟ್‌ವೇರ್: ಹುಬ್ಬಳ್ಳಿಯ ಆಸ್ಪತ್ರೆ ಕಟ್ಟಡಕ್ಕೆ ಬಿಐಎಂ ಹೊಂದಿಸುವುದು ಹೇಗೆ?

ನಿಮ್ಮ ಪ್ರಶ್ನೆ ಇಷ್ಟು: ಹುಬ್ಬಳ್ಳಿಯಲ್ಲಿ ಐದು ಅಂತಸ್ತಿನ ಆಸ್ಪತ್ರೆ. ಧಾರವಾಡದ ಆರ್ಕಿಟೆಕ್ಟ್ ಆರ್ಕಿಕ್ಯಾಡ್ ಬಳಸುತ್ತಾರೆ, ಬೆಂಗಳೂರಿನ ಸ್ಟ್ರಕ್ಚರಲ್ ಎಂಜಿನಿಯರ್ ರೆವಿಟ್ ಬಳಸುತ್ತಾರೆ. ಪ್ಲಂಬಿಂಗ್ ಮತ್ತು ಎಸಿ ನಕ್ಷೆಗಳು ಆಟೊಕ್ಯಾಡ್‌ನಲ್ಲಿ ತಯಾರಾಗಿ ವಾಟ್ಸಾಪ್‌ನಲ್ಲಿ ಓಡಾಡುತ್ತಿವೆ. ಬಿಐಎಂ (ಕಟ್ಟಡದ ಮಾಹಿತಿಯನ್ನೆಲ್ಲ ಮೂರು ಆಯಾಮದ ಕಂಪ್ಯೂಟರ್ ಮಾದರಿಯಲ್ಲಿ ಕೂಡಿಸುವ ಪದ್ಧತಿ) ಮಾಡಬೇಕೆಂದರೆ ಎಲ್ಲರೂ ರೆವಿಟ್ ಕೊಳ್ಳಲೇಬೇಕಾ?

ಬೇಡ ರೀ. ಅವರವರ ಸಾಫ್ಟ್‌ವೇರ್ ಅವರಲ್ಲೇ ಇರಲಿ. ಮಾದರಿಗಳನ್ನು ಐಎಫ್‌ಸಿ ಫೈಲ್ ಆಗಿ ಹೊರತೆಗೆದು ಒಂದರ ಮೇಲೊಂದು ಕೂಡಿಸಿ ನೋಡಿದರೆ ಸಾಕು. ಇದು ಬಿಲ್ಡಿಂಗ್‌ಸ್ಮಾರ್ಟ್ ಸಂಸ್ಥೆ ರೂಪಿಸಿದ, ಬೇರೆ ಬೇರೆ ಸಾಫ್ಟ್‌ವೇರ್‌ಗಳು ಓದಬಲ್ಲ ಮುಕ್ತ ಫೈಲ್ ಸ್ವರೂಪ, ಐಎಸ್‌ಒ 16739 ಅದರ ಮಾನಕ. ಬ್ಲೆಂಡರ್ ಎಂಬ ಉಚಿತ 3ಡಿ ಸಾಫ್ಟ್‌ವೇರ್‌ಗೆ ಸೇರಿಸಿಕೊಳ್ಳಬಹುದಾದ ಬಾನ್ಸಾಯ್ ಉಚಿತವಾಗಿಯೇ ಇದನ್ನು ತೆರೆಯುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ: ಐಎಫ್‌ಸಿ ನೋಡುವುದಕ್ಕೆ, ತಿದ್ದುವುದಕ್ಕಲ್ಲ. ಆರ್ಕಿಟೆಕ್ಟ್ ಕಳಿಸಿದ ಐಎಫ್‌ಸಿಯನ್ನು ರೆವಿಟ್‌ನಲ್ಲಿ ತೆರೆದು ಗೋಡೆ ಸರಿಸಲು ಹೋದರೆ, ಮುಂದಿನ ವಾರ ಅವರ ಹೊಸ ಫೈಲ್ ಬಂದಾಗ ನಿಮ್ಮ ತಿದ್ದುಪಡಿಯೆಲ್ಲ ಹೋಗುತ್ತದೆ. ಯಾವ ಭಾಗ ಯಾರದೋ ಅವರೇ ತಿದ್ದಬೇಕು.

ಮಾದರಿ ಶುರುವಾಗುವ ಮೊದಲೇ ಮೂಲಬಿಂದು, ಅಂದರೆ ಎಲ್ಲ ಅಳತೆ ಶುರುವಾಗುವ ಸೊನ್ನೆ, ತೀರ್ಮಾನವಾಗಲಿ. ಬಹಳಷ್ಟು ಕಡೆ ಕೆಲಸ ಕೆಡುವುದು ಇಲ್ಲೇ. ಸರ್ವೇಯರ್ ಕೊಡುವ ಯುಟಿಎಂ ಅಳತೆ (ಭೂಮಿಯನ್ನು ವಲಯಗಳಾಗಿ ಹಂಚಿ ಜಾಗವನ್ನು ಮೀಟರಿನಲ್ಲಿ ಹೇಳುವ ಪದ್ಧತಿ) ಹುಬ್ಬಳ್ಳಿಗೆ 43ನೇ ವಲಯದ್ದು. ಉತ್ತರದ ಅಂಕಿಯೇ ಸುಮಾರು 17 ಲಕ್ಷ ಮೀಟರ್. ಅದನ್ನು ಹಾಗೇ ರೆವಿಟ್‌ಗೆ ತಂದರೆ ಕಟ್ಟಡ ಮೂಲದಿಂದ ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದೂರ ಹೋಗಿ ಕೂರುತ್ತದೆ. ರೆವಿಟ್ ತನ್ನ ಒಳಮೂಲದಿಂದ 16 ಕಿಲೋಮೀಟರ್ ಒಳಗಿನದನ್ನು ಮಾತ್ರ ನಂಬಿಕೆಯಿಂದ ಹಿಡಿದಿಡುತ್ತದೆ. ಅದರಾಚೆ ಗೆರೆಗಳು ನಡುಗುತ್ತವೆ, ಅಳತೆ ತಪ್ಪುತ್ತದೆ. ಆದ್ದರಿಂದ ನಕ್ಷೆಯ ಗ್ರಿಡ್ ಗೆರೆಗಳಲ್ಲಿ (ಕಂಬಗಳ ಸಾಲು ತೋರಿಸುವ ಗೆರೆಗಳು) ಎ ಮತ್ತು 1 ಕೂಡುವ ಬಿಂದುವನ್ನೇ ಸೊನ್ನೆ ಎಂದುಕೊಳ್ಳಿ. ಯುಟಿಎಂ ಅಂಕಿ, ನಿಜವಾದ ಉತ್ತರದ ಕೋನ ಎರಡೂ ಸರ್ವೇ ಪಾಯಿಂಟ್‌ನ (ನಿಜವಾದ ಜಾಗ ಸೂಚಿಸುವ ಗುರುತು) ಮಾಹಿತಿಯಾಗಿ ಮಾತ್ರ ಉಳಿಯಲಿ.

ಎತ್ತರದ ಸೊನ್ನೆ ಯಾವುದು ಎಂಬುದನ್ನೂ ಬರೆದಿಡಿ. ಆರ್ಕಿಟೆಕ್ಟ್‌ಗೆ ಸೊನ್ನೆ ಎಂದರೆ ಟೈಲ್ಸ್‌ನ ಮೇಲ್ಮೈ, ಸ್ಟ್ರಕ್ಚರಲ್‌ನವರಿಗೆ ಸ್ಲ್ಯಾಬ್‌ನ ಮೇಲ್ಮೈ. ನಡುವೆ 50ರಿಂದ 75 ಮಿಮೀ ವ್ಯತ್ಯಾಸ. ಆಟೊಕ್ಯಾಡ್ ನಕ್ಷೆ ಅಡಿಯಲ್ಲಿದ್ದು ಮಿಲಿಮೀಟರ್ ಎಂದು ಒಳಬಂದರೆ ಇಡೀ ಕಟ್ಟಡ 304.8 ಪಟ್ಟು ಸಣ್ಣದಾಗುತ್ತದೆ. ಇವೆಲ್ಲ ಸರಿಯಿದೆಯೇ ಎಂದು ತಿಳಿಯಲು ಸುಲಭ ದಾರಿ: ಪ್ರತಿ ಕಚೇರಿಯೂ ಎ-1ರಲ್ಲಿ 1 ಮೀಟರ್‌ನ ಒಂದು ಘನ ಮಾತ್ರ ಇಟ್ಟು ಐಎಫ್‌ಸಿ ಕಳಿಸಲಿ. ಘನಗಳು ಒಂದರೊಳಗೊಂದು ಕೂತ ಮೇಲೆಯೇ ಮುಂದಿನ ಕೆಲಸ.

ಆಟೊಕ್ಯಾಡ್‌ನ ಚಪ್ಪಟೆ ನಕ್ಷೆಯಲ್ಲಿರುವ ಪೈಪು, ಡಕ್ಟ್‌ಗಳನ್ನು (ಎಸಿ ಗಾಳಿ ಹಾಯುವ ಕೊಳವೆ) ಯಾರಾದರೂ ಮೂರು ಆಯಾಮದಲ್ಲಿ ಬಿಡಿಸಲೇಬೇಕು. ಇದಕ್ಕೆ ಒಬ್ಬರನ್ನು ನೇಮಿಸಿ, ಕೆಲಸವನ್ನು ಕರಾರಿನಲ್ಲಿ ಬರೆದು, ಹಣ ಕೊಡಿ. ಬಿಟ್ಟಿಯಾಗಿ ಇದು ಆಗುವ ಕೆಲಸವಲ್ಲ. 50 ಮಿಮೀಗಿಂತ ದಪ್ಪದ ಪೈಪು, ಡಕ್ಟ್, ಕೇಬಲ್ ಟ್ರೇ ಇಷ್ಟು ಸಾಕು, ವೈರ್ ಹಾಯುವ 25 ಮಿಮೀ ಕಾಂಡ್ಯೂಟ್ ಬಿಡಿಸುವುದು ವ್ಯರ್ಥ ಶ್ರಮ. ಡ್ರೈನ್ ಪೈಪನ್ನು ಮಾತ್ರ ಇಳಿಜಾರಿನೊಂದಿಗೇ ಬಿಡಿಸಬೇಕು. 110 ಮಿಮೀ ಪೈಪು 60ಕ್ಕೆ 1ರ ಇಳಿಜಾರಿನಲ್ಲಿ 6 ಮೀಟರ್ ಓಡಿದರೆ 100 ಮಿಮೀ ಇಳಿಯುತ್ತದೆ. ಸಮತಲವಾಗಿ ಬಿಡಿಸಿದ ಪೈಪು ಪರದೆಯ ಮೇಲೆ ಬೀಮ್ ಕೆಳಗೆ ನುಸುಳಿದಂತೆ ಕಂಡರೂ ಸೈಟಿನಲ್ಲಿ ಫಾಲ್ಸ್ ಸೀಲಿಂಗ್‌ಗೆ ತಾಗುತ್ತದೆ.

ಆಸ್ಪತ್ರೆಯ ಕಾರಿಡಾರ್ ಲೆಕ್ಕ ಹಾಕಿ ನೋಡಿ. ಸ್ಲ್ಯಾಬಿನಿಂದ ಸ್ಲ್ಯಾಬಿಗೆ 3300 ಮಿಮೀ, ಬೀಮ್ 600, ನೆಲಹಾಸು 75; ಉಳಿದದ್ದು 2625. 300 ಎತ್ತರದ ಡಕ್ಟ್, ಮೇಲೆ ಕೆಳಗೆ 25ರ ಇನ್ಸುಲೇಷನ್ ಸೇರಿ 350. ಅಲ್ಲಿಗೆ 2275. ಹ್ಯಾಂಗರ್‌ಗೆ 50, ಸೀಲಿಂಗ್ ಚೌಕಟ್ಟು ಮತ್ತು ಲೈಟಿಗೆ 100 ತೆಗೆದರೆ 2125. ಆರ್ಕಿಟೆಕ್ಟ್ 2400ರ ಸೀಲಿಂಗ್ ತೋರಿಸಿದ್ದರೆ ಅದು ಆಗದ ಮಾತು. ಬೀಮ್ ಆಳ ಕಡಿಮೆ ಮಾಡಬೇಕು, ಇಲ್ಲವೇ ಡಕ್ಟ್ ಅಗಲ ಮಾಡಿ ಎತ್ತರ ಇಳಿಸಬೇಕು, ಇಲ್ಲವೇ ಮಹಡಿ ಎತ್ತರಿಸಬೇಕು. ಕಾಗದದ ಮೇಲೆ ಇದನ್ನು ಬದಲಿಸುವುದು ಅರ್ಧ ದಿನದ ಕೆಲಸ. ಸ್ಲ್ಯಾಬ್ ಹಾಕಿದ ಮೇಲೆ ತೂತು ಕೊರೆಯುವ ಕೋರ್ ಕಟಿಂಗ್ ಯಂತ್ರ ಬರುತ್ತದೆ, ಬೀಮಿನ ಕಬ್ಬಿಣದ ಸಳಿ ಕತ್ತರಿಸುತ್ತದೆ.

ಕ್ಲ್ಯಾಶ್ ಪರೀಕ್ಷೆಯಲ್ಲಿ (ಮಾದರಿಗಳಲ್ಲಿ ಯಾವುದಕ್ಕೆ ಯಾವುದು ತಾಗುತ್ತದೆ ಎಂದು ಸಾಫ್ಟ್‌ವೇರ್‌ನಿಂದ ಹುಡುಕಿಸುವುದು) ಎಲ್ಲದರ ಮೇಲೆ ಎಲ್ಲವನ್ನೂ ಓಡಿಸಬೇಡಿ. ಸಾವಿರಗಟ್ಟಲೆ ಫಲಿತಾಂಶ ಬಂದು ಯಾರೂ ಓದುವುದಿಲ್ಲ. ಮೊದಲು ಸ್ಟ್ರಕ್ಚರ್ ಮತ್ತು ಡ್ರೈನ್, ಆಮೇಲೆ ಸ್ಟ್ರಕ್ಚರ್ ಮತ್ತು ಡಕ್ಟ್, ಕೊನೆಗೆ ಉಳಿದವು. ಡ್ರೈನ್ ನೀರು ಇಳಿಜಾರಿಗೆ ಮಾತ್ರ ಹರಿಯುವುದರಿಂದ ಅದಕ್ಕೇ ಮೊದಲ ಹಕ್ಕು; ಒತ್ತಡದ ನೀರಿನ ಪೈಪು, ಕೇಬಲ್ ಟ್ರೇ ಸುತ್ತಿಕೊಂಡು ಹೋಗಬಲ್ಲವು. ತಾಗದಿದ್ದರೂ ತೊಂದರೆ ಕೊಡುವುದನ್ನೂ ಹುಡುಕಿ: ವಾಲ್ವ್ ತಿರುಗಿಸಲು ಕೈ ಹೋಗುತ್ತದೆಯೇ, ವಿದ್ಯುತ್ ಪ್ಯಾನೆಲ್ ಮುಂದೆ 1 ಮೀಟರ್ ಖಾಲಿ ಇದೆಯೇ ಎಂದು. ಸಿಕ್ಕ ಸಮಸ್ಯೆಯನ್ನು ಬಿಸಿಎಫ್ (ಬಿಐಎಂ ಸಮಸ್ಯೆಗಳನ್ನು ಹಂಚಿಕೊಳ್ಳುವ ಮುಕ್ತ ಫೈಲ್) ಆಗಿ ಕಳಿಸಿ. ಅದರಲ್ಲಿ ನೋಟ, ಟಿಪ್ಪಣಿ, ಆ ಭಾಗದ ಗುರುತುಸಂಖ್ಯೆ ಮಾತ್ರ ಇರುವುದರಿಂದ ಫೈಲ್ ತೀರ ಚಿಕ್ಕದು. ಬೀಮನ್ನು ಅಳಿಸಿ ಹೊಸದಾಗಿ ಬಿಡಿಸಿದರೆ ಗುರುತುಸಂಖ್ಯೆಯೇ ಬದಲಾಗಿ ಹಳೆಯ ಟಿಪ್ಪಣಿಯ ಕೊಂಡಿ ತಪ್ಪುತ್ತದೆ. ಇದ್ದುದನ್ನೇ ಸರಿಸಿ ಎಂದು ಎಲ್ಲರಿಗೂ ಹೇಳಿಡಿ.

ನಮ್ಮ ಕಡೆ ಇನ್ನೊಂದು ವಿಷಯ. ಹುಬ್ಬಳ್ಳಿಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ನೆಲಮಟ್ಟದ ಪ್ಲಿಂತ್ ಬೀಮ್ ದಾಟುವ ಪೈಪಿಗೆ ದೊಡ್ಡ ಸ್ಲೀವ್ (ಪೈಪು ಹಾಯಲು ಕಾಂಕ್ರೀಟಿನಲ್ಲಿ ಮೊದಲೇ ಇಡುವ ಹೊರಕೊಳವೆ), ಸುತ್ತ ಸಂದು, ಹೊರಗೆ ಬಾಗಬಲ್ಲ ಜೋಡಣೆ ಬೇಕು. ಅಡಿಪಾಯವೇ ಮೊದಲು ಬೀಳುವ ಕಾಂಕ್ರೀಟ್ ಆದರೂ ಭೂಮಿಯೊಳಗಿನ ಡ್ರೈನ್ ಮಾದರಿಗೆ ಬರುವುದು ಕೊನೆಗೆ! ರಸ್ತೆಯ ಒಳಚರಂಡಿ ಚೇಂಬರಿನ ತಳದ ಮಟ್ಟವನ್ನು ಮೊದಲೇ ಅಳೆಸಿ. 20 ಮೀಟರ್ ದೂರಕ್ಕೆ 100ಕ್ಕೆ 1 ಎಂದರೂ 200 ಮಿಮೀ ಇಳಿತ ಬೇಕು.

ಮಾದರಿಯಿಂದ ಕಾಂಕ್ರೀಟಿನ ಪ್ರಮಾಣ ತೆಗೆಯುವಾಗ ಬೀಮ್ ಮತ್ತು ಸ್ಲ್ಯಾಬ್ ಜೋಡಿಕೊಂಡಿವೆಯೇ ನೋಡಿ. 230 ಮಿಮೀ ಅಗಲದ ಬೀಮ್ 150 ಮಿಮೀ ದಪ್ಪದ ಸ್ಲ್ಯಾಬಿನೊಳಗೆ ಎರಡು ಸಲ ಎಣಿಕೆಯಾದರೆ, 300 ಮೀಟರ್ ಬೀಮಿಗೆ 10.35 ಘನ ಮೀಟರ್ ಕಾಂಕ್ರೀಟ್ ಹೆಚ್ಚು ತೋರಿಸುತ್ತದೆ.

ವಾಟ್ಸಾಪ್ ವಿಷಯ: ಐಎಸ್‌ಒ 19650 (ಬಿಐಎಂ ಮಾಹಿತಿ ನಿರ್ವಹಣೆಯ ಮಾನಕ) ಹೇಳುವ ನಾಲ್ಕು ಹಂತಗಳನ್ನು ಗೂಗಲ್ ಡ್ರೈವ್‌ನಲ್ಲಿ ನಾಲ್ಕು ಫೋಲ್ಡರ್ ಮಾಡಿದರೂ ನಡೆಯುತ್ತದೆ: ನಡೆಯುತ್ತಿರುವುದು, ಹಂಚಿದ್ದು, ಒಪ್ಪಿದ್ದು, ಹಳೆಯದು. ಗುಂಪಿನಲ್ಲಿ ಫೈಲ್ ಹಾಕದೆ ಕೊಂಡಿ ಮಾತ್ರ ಹಾಕಿ. ಗೌಂಡಿ, ಸೆಂಟ್ರಿಂಗ್‌ನವರ ಕೈಗೆ "ಒಪ್ಪಿದ್ದು" ಫೋಲ್ಡರಿನ ಮುದ್ರಿತ ಹಾಳೆ ಬಿಟ್ಟು ಬೇರೇನೂ ಹೋಗಬಾರದು. ಸ್ಲ್ಯಾಬ್ ದಿನಕ್ಕೆ ಮೂರು ವಾರ ಮುಂಚೆ ಆ ಮಹಡಿಯ ಮಾದರಿಗೆ ಬೀಗ ಹಾಕಿ, ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಸ್ಲೀವ್ ನಕ್ಷೆ ತೆಗೆಸಿ. ಕಾಂಕ್ರೀಟಿನ ಹಿಂದಿನ ದಿನ ಪ್ಲಂಬರ್ ಮತ್ತು ಸೈಟ್ ಎಂಜಿನಿಯರ್ ಇಬ್ಬರೂ ಗ್ರಿಡ್ ದಾರದಿಂದ ಟೇಪ್ ಹಿಡಿದು ಪ್ರತಿ ಸ್ಲೀವ್ ಅಳೆದು ಅದೇ ಹಾಳೆಯ ಮೇಲೆ ಗುರುತು ಹಾಕಲಿ.