ಪಾಲೀನ್ ಜಾನ್ಸನ್ ‘ಅರ್ಧ’ ಮೊಹಾಕ್ ಆಗಿದ್ದರಾ?

ಕೆನಡಾದ ಮೂಲನಿವಾಸಿಗಳ ಸಾಹಿತ್ಯದ ಬಗ್ಗೆ ನನಗೆ ಬರುವ ಪ್ರಶ್ನೆಗಳಲ್ಲಿ, ಅಲ್ಲಿನ ಮೊಹಾಕ್ ಎಂಬ ಬುಡಕಟ್ಟಿನ ಕವಿ, ಕತೆಗಾರ್ತಿ ಪಾಲೀನ್ ಜಾನ್ಸನ್ ಹೆಸರೇ ಜಾಸ್ತಿ. ಅದು ಖುಷಿಯ ವಿಷಯ. ಬೇಸರ ಏನೆಂದರೆ, ಬಹಳಷ್ಟು ಜನ ಕೇಳುವುದು ಆಕೆಯ ರಕ್ತದ ಬಗ್ಗೆ, ಬಟ್ಟೆಯ ಬಗ್ಗೆ. ಕವಿತೆ, ಕತೆ ಓದಿ ಕೇಳುವವರು ಕಮ್ಮಿ. ಹಾಗಾಗಿ ಪದೇ ಪದೇ ಬರುವ ಪ್ರಶ್ನೆಗೆ ಈ ಸಲ ಪೂರ್ತಿ ಉತ್ತರ ಕೊಡುತ್ತೇನೆ. ಉಳಿದವಕ್ಕೆ ಚುಟುಕಾಗಿ.

ಪಾಲೀನ್ ಅವರ ತಾಯಿ ಇಂಗ್ಲಿಷ್ ಹೆಂಗಸು. ವೇದಿಕೆಯಲ್ಲಿ ತೊಡುತ್ತಿದ್ದ ‘ಇಂಡಿಯನ್’ (ಅಂದರೆ ಅಲ್ಲಿನ ಮೂಲನಿವಾಸಿಗಳ) ಉಡುಪು ಕೊಂಡು ತಂದದ್ದು ಅಂತ ಒಂದು ವಿಡಿಯೊದಲ್ಲಿ ನೋಡಿದೆ. ಹಾಗಿದ್ದರೆ ಅವರನ್ನು ಮೊಹಾಕ್ ಲೇಖಕಿ ಅನ್ನುವುದು ಸರಿಯಾ? — ಮೈಸೂರಿನ ಓದುಗರು

ಮೊದಲು ರಕ್ತದ ಲೆಕ್ಕ ಮುಗಿಸೋಣ. ಪಾಲೀನ್ ಹುಟ್ಟಿದ್ದು 1861ರಲ್ಲಿ, ಒಂಟಾರಿಯೊದ ಗ್ರ್ಯಾಂಡ್ ನದಿಯ ದಂಡೆಯಲ್ಲಿದ್ದ ಚೀಫ್ಸ್‌ವುಡ್ ಎಂಬ ಮನೆಯಲ್ಲಿ. ಅದು ಸಿಕ್ಸ್ ನೇಷನ್ಸ್, ಅಂದರೆ ಮೊಹಾಕರೂ ಸೇರಿದ ಆರು ಬುಡಕಟ್ಟುಗಳ ಒಕ್ಕೂಟದ ನೆಲ. ಅಪ್ಪ ಜಾರ್ಜ್ ಜಾನ್ಸನ್ ಮೊಹಾಕ್ ಮುಖಂಡ, ಜೊತೆಗೆ ದುಭಾಷಿ. ಅಮ್ಮ ಎಮಿಲಿ ಹೊವೆಲ್ಸ್ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಹುಟ್ಟಿದವರು. ಮೊಹಾಕರಲ್ಲಿ ಕುಲ ಬರುವುದು ತಾಯಿಯಿಂದ, ನಮ್ಮ ತುಳುನಾಡಿನ ಅಳಿಯಕಟ್ಟಿನ ಹಾಗೆ. ಆ ಲೆಕ್ಕದಲ್ಲಿ ಇಂಗ್ಲಿಷ್ ತಾಯಿಯ ಮಕ್ಕಳಿಗೆ ಕುಲವೇ ಇಲ್ಲ. ಕೆನಡಾ ಸರ್ಕಾರದ ಆಗಿನ ಕಾನೂನು (1985ರಲ್ಲಿ ಅದು ಬದಲಾಯಿತು) ಇದಕ್ಕೆ ಪೂರ್ತಿ ಉಲ್ಟಾ ಇತ್ತು. ಅಪ್ಪ ಇಂಡಿಯನ್ ಆದರೆ ಮಕ್ಕಳೂ ಇಂಡಿಯನ್. ಮದುವೆಯಾಗಿ ಬಂದ ಬಿಳಿ ಹೆಂಡತಿಯೂ ಇಂಡಿಯನ್! ಅಂದರೆ ಒಂದು ಕಟ್ಟಳೆ ಆಕೆಯನ್ನು ಕುಲದ ಹೊರಗಿಟ್ಟಿತು, ಇನ್ನೊಂದು ಪೂರ್ತಿ ಇಂಡಿಯನ್ ಎಂದು ಬರೆದುಕೊಂಡಿತು. ‘ಅರ್ಧ’ ಅನ್ನುವ ಉತ್ತರ ಎರಡೂ ಕಡೆ ಇಲ್ಲ. ಅದು ವಿಡಿಯೊ ಮಾಡುವವರ ಗಣಿತ.

ಇನ್ನು ಉಡುಪು. 1884ರಲ್ಲಿ ಅಪ್ಪ ತೀರಿಕೊಂಡರು. ದೊಡ್ಡ ಮನೆಯನ್ನು ನಡೆಸಲಾಗದೆ ತಾಯಿ, ಹೆಣ್ಣುಮಕ್ಕಳು ಬ್ರಾಂಟ್‌ಫರ್ಡ್ ಪಟ್ಟಣಕ್ಕೆ ಬಂದರು. ಪಾಲೀನ್ ದುಡಿಯಲೇಬೇಕಿತ್ತು. 1892ರ ಜನವರಿಯಲ್ಲಿ ಟೊರಾಂಟೊದಲ್ಲಿ ಒಂದು ಕವಿಗೋಷ್ಠಿ ನಡೆಯಿತು. ಅಲ್ಲಿ ಆಕೆ ಗಂಡನನ್ನು ಯುದ್ಧಕ್ಕೆ ಕಳಿಸುವ ಇಂಡಿಯನ್ ಹೆಂಡತಿಯ ಕವಿತೆ ಹೇಳಿದರು. ಸಭೆ ಇನ್ನೊಂದು ಬೇಕು ಎಂದು ಹಟ ಹಿಡಿಯಿತು. ಆಮೇಲೆ ಸುಮಾರು ಹದಿನೇಳು ವರ್ಷ ಊರಿಂದೂರಿಗೆ ಕಾರ್ಯಕ್ರಮ. ಉಡುಪು ಹುಟ್ಟಿದ್ದು ಆ ವರ್ಷವೇ. ಜಿಂಕೆ ಚರ್ಮದ ಅಂಗಿ, ಮೊಲದ ತುಪ್ಪಳು ಚರ್ಮ, ಎದೆಗೆ ಬೆಳ್ಳಿಯ ಬಿಲ್ಲೆಗಳು, ಸೊಂಟಕ್ಕೆ ವಾಂಪಮ್ ಎಂಬ ಚಿಪ್ಪಿನ ಮಣಿಗಳ ಪಟ್ಟಿ, ಕರಡಿ ಉಗುರಿನ ಹಾರ. ಕೆಲವನ್ನು ತುಪ್ಪಳು ವ್ಯಾಪಾರದ ಹಡ್ಸನ್ಸ್ ಬೇ ಕಂಪನಿಯಿಂದ ತರಿಸಿದ್ದರು, ಕೆಲವು ಮನೆಯವು. ಯಾವ ಒಂದು ಬುಡಕಟ್ಟಿನ ಉಡುಪೂ ಅದಲ್ಲ, ಅದು ರಂಗದ ಉಡುಪು. ಇದನ್ನು ಯಾರೋ ಈಗ ಪತ್ತೆ ಹಚ್ಚಿದ ಗುಟ್ಟು ಅನ್ನುವ ಹಾಗೆ ಹೇಳುವುದೇ ತಪ್ಪು. ಕಾರ್ಯಕ್ರಮದ ಮಧ್ಯಂತರದಲ್ಲಿ ಆಕೆ ಅದನ್ನು ಕಳಚಿ, ರೇಷ್ಮೆ ಗೌನ್ ತೊಟ್ಟು ಮತ್ತೆ ಅದೇ ವೇದಿಕೆಗೆ ಬರುತ್ತಿದ್ದರು. ಗೌನ್ ಕೂಡ ಕೊಂಡದ್ದೇ ಅಲ್ವಾ? ಆ ಗೌನ್ ನೋಡಿ ‘ಇವರು ನಿಜವಾದ ಇಂಗ್ಲಿಷ್ ಹೆಂಗಸಾ’ ಎಂದು ಯಾರೂ ನನ್ನನ್ನು ಕೇಳಿಲ್ಲ.

ನನಗೆ ಮುಖ್ಯ ಅನ್ನಿಸುವುದು ಅದೇ 1892ರಲ್ಲಿ ಆಕೆ ಟೊರಾಂಟೊದ ಪತ್ರಿಕೆಯೊಂದಕ್ಕೆ ಬರೆದ ಲೇಖನ. ಬಿಳಿಯರು ಬರೆದ ಕಾದಂಬರಿಗಳ ಇಂಡಿಯನ್ ಹುಡುಗಿಯರನ್ನು ಒಬ್ಬೊಬ್ಬರಾಗಿ ಎದುರಿಗಿಟ್ಟು ಕೇಳುತ್ತಾರೆ. ಎಲ್ಲರಿಗೂ ಹೆಚ್ಚುಕಮ್ಮಿ ವಿನೋನಾ ಎಂದೇ ಹೆಸರು ಯಾಕೆ? ಅವಳಿಗೆ ಮನೆತನದ ಹೆಸರು ಯಾಕಿಲ್ಲ? ಯಾವ ಬುಡಕಟ್ಟಿನವಳು ಅಂತ ಯಾಕೆ ಹೇಳುವುದಿಲ್ಲ? ಬಿಳಿ ನಾಯಕನನ್ನು ಪ್ರೀತಿಸಿ, ಅವನು ಕೈಬಿಟ್ಟ ಮೇಲೆ ಪ್ರತಿಸಲ ಅವಳೇ ಯಾಕೆ ಸಾಯಬೇಕು? ಅಷ್ಟು ಖಾರವಾದ ವಿಮರ್ಶೆ ಆ ಕಾಲಕ್ಕೆ ಅಪರೂಪ.

ಮರುವರ್ಷ ಆಕೆ ಕತೆಯಲ್ಲೇ ಉತ್ತರ ಕೊಟ್ಟರು. ‘ಎ ರೆಡ್ ಗರ್ಲ್ಸ್ ರೀಸನಿಂಗ್’ ಅದರ ಹೆಸರು. ಕ್ರಿಸ್ಟೀನ್‌ಳ ಅಪ್ಪ ತುಪ್ಪಳು ವ್ಯಾಪಾರದ ಠಾಣೆಯ ಬಿಳಿಯ, ಅಮ್ಮ ಮೂಲನಿವಾಸಿ. ಅವಳನ್ನು ಮದುವೆಯಾದ ಚಾರ್ಲಿ ಸರ್ಕಾರಿ ನೌಕರ. ಹೆಂಡತಿಯನ್ನು ಎಲ್ಲರೂ ಮೆಚ್ಚುತ್ತಾರೆಂದು ಅವನಿಗೆ ಹೆಮ್ಮೆ. ಒಂದು ರಾತ್ರಿ ದೊಡ್ಡವರ ಮನೆಯ ಕೂಟದಲ್ಲಿ ಯಾರೋ ಅವಳ ಅಪ್ಪ ಅಮ್ಮನ ಮದುವೆ ಬಗ್ಗೆ ಕೇಳುತ್ತಾರೆ. ಪಾದ್ರಿ ಇರಲಿಲ್ಲ, ನಮ್ಮ ಜನರ ಪದ್ಧತಿಯಲ್ಲಿ ಆಯಿತು ಎಂದು ಅವಳು ಸಹಜವಾಗಿ ಹೇಳಿಬಿಡುತ್ತಾಳೆ. ಚಾರ್ಲಿಗೆ ಮಾನ ಹೋದ ಹಾಗಾಗುತ್ತದೆ. ಮನೆಗೆ ಬಂದು ಕೂಗಾಡುತ್ತಾನೆ. ಆಗ ಅವಳ ವಾದ ನೋಡಿ: ನನ್ನ ಜನರ ಮದುವೆಯನ್ನು ನೀನು ಮದುವೆ ಅಂತ ಒಪ್ಪುವುದಿಲ್ಲ ಅಂದರೆ, ನಿನ್ನ ಜನರ ಮದುವೆಯನ್ನು ನಾನು ಯಾಕೆ ಒಪ್ಪಬೇಕು? ಹಾಗಾದರೆ ನಾನು ನಿನ್ನ ಹೆಂಡತಿಯೇ ಅಲ್ಲ.

ಆ ರಾತ್ರಿಯೇ ಹೊರಟುಹೋಗುತ್ತಾಳೆ. ಹೊಲಿಗೆ ಮಾಡಿ ಬದುಕುತ್ತಾಳೆ. ತಿಂಗಳುಗಟ್ಟಲೆ ಹುಡುಕಿ ಅವನು ಬಂದು ಬೇಡಿಕೊಂಡರೂ ಹಿಂದಿರುಗುವುದಿಲ್ಲ. ಅವಳು ಸಾಯುವುದೂ ಇಲ್ಲ. ವಿನೋನಾಗಳ ಸಾಲಿನಲ್ಲಿ ಇವಳನ್ನು ನಿಲ್ಲಿಸಿ ನೋಡಿದರೆ ಕತೆಯ ಬಲ ಗೊತ್ತಾಗುತ್ತದೆ. ಈ ವಾದ ಸುಮ್ನೆ ಭಾವುಕತೆಯಲ್ಲ. ತುಪ್ಪಳು ವ್ಯಾಪಾರಿ ವಿಲಿಯಂ ಕಾನಲಿ ಕ್ರೀ ಎಂಬ ಮೂಲನಿವಾಸಿ ಬುಡಕಟ್ಟಿನ ಹೆಂಗಸೊಬ್ಬಳನ್ನು ಅವಳ ಪದ್ಧತಿಯಲ್ಲೇ ಮದುವೆಯಾಗಿ, ಆಮೇಲೆ ಚರ್ಚಿನಲ್ಲಿ ಬಿಳಿ ಹೆಂಗಸನ್ನು ಮದುವೆಯಾದ. ಮೊದಲನೆಯದು ಮದುವೆ ಹೌದೋ ಅಲ್ಲವೋ ಎಂಬ ದಾವೆ ನಡೆದು, 1867ರಲ್ಲಿ ಮಾಂಟ್ರಿಯಲ್‌ನ ಕೋರ್ಟು ಹೌದು ಎಂದು ತೀರ್ಪು ಕೊಟ್ಟಿತ್ತು. ಕಾನೂನು ಒಪ್ಪಿದ್ದನ್ನೂ ದೊಡ್ಡವರ ಕೂಟ ಒಪ್ಪಲಿಲ್ಲ. ಪಾಲೀನ್ ಕೈ ಇಟ್ಟದ್ದು ಆ ಗಾಯದ ಮೇಲೆ. ಬಿಳಿ ತಾಯಿ, ಮೊಹಾಕ್ ತಂದೆಯ ಮನೆಯಲ್ಲಿ ಬೆಳೆದವರಿಗೆ ಅದು ಎಲ್ಲಿ ನೋಯುತ್ತದೆ ಅಂತ ಚೆನ್ನಾಗಿ ಗೊತ್ತಿತ್ತು. ದಯವಿಟ್ಟು ವಿಡಿಯೊ ನಿಲ್ಲಿಸಿ ಕತೆ ಓದಿ. ಒಂದೇ ಸಲ ಕೂತು ಮುಗಿಸಬಹುದು.

‘ಕೆನಡಿಯನ್ ಬಾರ್ನ್’ ಕವಿತೆಯಲ್ಲಿ ಬ್ರಿಟಿಷ್ ಬಾವುಟವನ್ನು ಅಷ್ಟು ಹೊಗಳುತ್ತಾರಲ್ಲ? — ಧಾರವಾಡದ ಓದುಗರು

ಹೊಗಳುತ್ತಾರೆ. ಆ ಕವಿತೆ ನನಗೆ ಇಷ್ಟವಿಲ್ಲ, ಅದೇ ಹೆಸರಿನ 1903ರ ಸಂಕಲನವೂ 1895ರ ‘ದಿ ವೈಟ್ ವಾಂಪಮ್’ ಮುಂದೆ ಸಪ್ಪೆ. ಆದರೆ ಗುಲಾಮಗಿರಿ ಅಂತ ಒಂದೇ ಮಾತಲ್ಲಿ ತಳ್ಳಿಹಾಕಬೇಡಿ. ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಮೊಹಾಕರು ಬ್ರಿಟಿಷರ ಕಡೆ ನಿಂತು ತಮ್ಮ ನೆಲ ಕಳೆದುಕೊಂಡರು. ಅದರ ಬದಲಿಗೆ 1784ರಲ್ಲಿ ಸಿಕ್ಕಿದ್ದು ಗ್ರ್ಯಾಂಡ್ ನದಿಯ ಭೂಮಿ. ಪಾಲೀನ್ ಅವರ ಅಜ್ಜ 1812ರ ಯುದ್ಧದಲ್ಲಿ ಹೋರಾಡಿದವರು. ಅವರ ಮನೆಯಲ್ಲಿ ರಾಜನ ಜೊತೆಗಿನ ಸಂಬಂಧ ಅಂದರೆ ಮಿತ್ರರ ನಡುವಿನ ಒಪ್ಪಂದ. ಇದೇ ಕವಿ ‘ದಿ ಕ್ಯಾಟಲ್ ಥೀಫ್’ ಕೂಡ ಬರೆದವರು. ಹಸಿದು ದನ ಕದ್ದ ಕ್ರೀ ಮುಖಂಡನನ್ನು ಬಿಳಿಯರು ಕೊಂದು ಹೆಣ ತುಂಡರಿಸಲು ಬರುತ್ತಾರೆ. ಮಗಳು ಅಡ್ಡ ನಿಂತು, ನಮ್ಮ ನೆಲ, ನಮ್ಮ ಬೇಟೆ ಮೊದಲು ವಾಪಸ್ ಕೊಡಿ, ಆಮೇಲೆ ಕಳ್ಳ ಅನ್ನಿ ಎನ್ನುತ್ತಾಳೆ. ಎರಡನ್ನೂ ಒಟ್ಟಿಗೆ ಓದಿ.

ಮನಸ್ಸಿನೊಳಗೆ ಎರಡು ತೋಳ ಕಾದಾಡುವ ಕತೆ ಪಾಲೀನ್ ಜಾನ್ಸನ್ ಬರೆದದ್ದಾ?

ಅಲ್ಲ. ಇನ್ನು ಮುಂದೆ ಫಾರ್ವರ್ಡ್ ಮಾಡಬೇಡಿ.

ಮಗಳ ಶಾಲೆಯ ವೇಷಭೂಷಣ ಸ್ಪರ್ಧೆಗೆ ಪಾಲೀನ್ ವೇಷ, ತಲೆಗೆ ಗರಿಗಳ ದೊಡ್ಡ ಕಿರೀಟ ಹಾಕಿಸಬಹುದಾ?

ಬೇಡ. ಆ ಕಿರೀಟ ಉತ್ತರ ಅಮೆರಿಕದ ಬಯಲು ಪ್ರದೇಶದ ಬುಡಕಟ್ಟುಗಳ ಗೌರವದ ಗುರುತು, ಮೊಹಾಕರದ್ದಲ್ಲ. ಮಗಳಿಗೆ ಒಂದು ಕವಿತೆ ಬಾಯಿಪಾಠ ಮಾಡಿಸಿ.

‘ಲೆಜೆಂಡ್ಸ್ ಆಫ್ ವ್ಯಾಂಕೂವರ್’ ಮೊಹಾಕ್ ಪುರಾಣಗಳ ಪುಸ್ತಕ ಅಲ್ವಾ? — ಬೆಂಗಳೂರಿನ ಓದುಗರು

ಅಲ್ಲವೇ ಅಲ್ಲ. ಮೊಹಾಕರ ನೆಲ ಖಂಡದ ಪೂರ್ವದಲ್ಲಿದೆ, ವ್ಯಾಂಕೂವರ್ ಪಶ್ಚಿಮದ ತುದಿಯಲ್ಲಿ. ಇವು ಸ್ಕ್ವಾಮಿಶ್ ಜನರ ಕತೆಗಳು. ಬಹಳಷ್ಟನ್ನು ಹೇಳಿದವರು ಮುಖಂಡ ಜೋ ಕ್ಯಾಪಿಲಾನೊ. ಕೆಲವನ್ನು ಅವರ ಹೆಂಡತಿಯೂ ಹೇಳಿದರು. ಜೋ 1906ರಲ್ಲಿ ರಾಜನಿಗೆ ಅಹವಾಲು ಸಲ್ಲಿಸಲು ಲಂಡನ್ನಿಗೆ ಹೋಗಿದ್ದಾಗ ಪಾಲೀನ್ ಅವರ ಪರಿಚಯವಾಯಿತು. ಕತೆಗಳು ಮೊದಲು ಪತ್ರಿಕೆಯಲ್ಲಿ ಬಂದವು. ಪಾಲೀನ್‌ಗೆ ಸ್ತನ ಕ್ಯಾನ್ಸರ್ ಆಗಿ ಕೈ ಬರಿದಾದಾಗ ಗೆಳೆಯರು ಸೇರಿ 1911ರಲ್ಲಿ ಪುಸ್ತಕ ಮಾಡಿದರು. ಶೀರ್ಷಿಕೆಯಲ್ಲಿ ಕ್ಯಾಪಿಲಾನೊ ಹೆಸರೇ ಇರಲಿ ಎಂಬುದು ಆಕೆಯ ಆಸೆ. ನಗರದ ಹೆಸರು ಬಂತು, ಹೇಳಿದವರ ಹೆಸರು ಹೋಯಿತು. ನಿಮ್ಮಂಥವರ ಗೊಂದಲಕ್ಕೆ ಅದೂ ಒಂದು ಕಾರಣ.

‘ದ ಸಾಂಗ್ ಮೈ ಪ್ಯಾಡಲ್ ಸಿಂಗ್ಸ್’ ಕನ್ನಡಕ್ಕೆ ತರುತ್ತಿದ್ದೇನೆ. ಏನಾದರೂ ಸಲಹೆ? — ಕುಂದಾಪುರದ ಓದುಗರು

ಛಂದಸ್ಸಿನ ಚಿಂತೆ ಆಮೇಲೆ. ಮೊದಲು ದೋಣಿಯ ಮೇಲಿನ ಕೆಲಸ ಸರಿಯಾಗಿ ಬರಲಿ. ಕವಿತೆಯಲ್ಲಿ ದೋಣಿ ನಡೆಸುವವಳು ಪಡುಗಾಳಿಯನ್ನು ಬೇಡುತ್ತಾಳೆ, ಗಾಳಿ ಬೀಸುವುದಿಲ್ಲ. ಹಾಯಿ ಮಡಚಿ, ಪಟಕಂಬ ಕಿತ್ತಿಟ್ಟು ಹುಟ್ಟು ಹಿಡಿಯುತ್ತಾಳೆ. ಮೊದಲು ಮೆಲ್ಲಗೆ, ಆಮೇಲೆ ಬಂಡೆಗಳ ನಡುವಿನ ರಭಸದ ನೀರು, ಅದು ದಾಟಿದ ಮೇಲೆ ಮತ್ತೆ ನಿಧಾನ. ನಿಮ್ಮ ಸಾಲುಗಳ ಓಟವೂ ಹೀಗೆ ಮೂರು ಸಲ ಬದಲಾಗಬೇಕು. ನೀವು ಕಳಿಸಿದ ಮಾದರಿಯಲ್ಲಿ ಮೊದಲಿಂದ ಕೊನೆಯವರೆಗೆ ಒಂದೇ ಓಟ ಇದೆ. ದೋಣಿ ನಡೆಸುವವರ ಎದುರು ಗಟ್ಟಿಯಾಗಿ ಓದಿ, ತಿದ್ದಿ, ಮತ್ತೆ ಕಳಿಸಿ.