ಖಾರದ ಮಾತು ಬೇಡ ಅಂದರೆ ಹೇಗೆ ಮೇಷ್ಟ್ರೇ?

ಸಾಗರದ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಕಳೆದ ಸಂಚಿಕೆಯಲ್ಲಿ ಒಬ್ಬ ಹುಡುಗನ ಪತ್ರ ಹಾಕಿದ್ದೀರಿ. 'ಒಂದೇ ರಸ್ತೆಗೆ ಎರಡು ಸಲ ಗುದ್ದಲಿ ಪೂಜೆ ಮಾಡಿದ್ರಿ, ಒಂದು ಸಲವೂ ಟಾರು ಬೀಳಲಿಲ್ಲ, ನಾಚಿಕೆ ಆಗಲ್ವಾ?' ಎಂದು ಶಾಸಕರನ್ನು ಕೇಳಿದ್ದಾನೆ. ಇದು ಸಭ್ಯರ ಭಾಷೆಯೇ? ನೆಹರೂ, ಲೋಹಿಯಾ ಕಾಲದಲ್ಲಿ ವಿರೋಧಿಗಳೂ ಎಷ್ಟು ಗೌರವದಿಂದ ಮಾತಾಡುತ್ತಿದ್ದರು! ಇಂಥ ಪತ್ರ ಇನ್ನು ಮುಂದೆ ಹಾಕಬೇಡಿ."

ಮೇಷ್ಟ್ರೇ, ನಮಸ್ಕಾರ.

ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಹೆಸರನ್ನು ನೀವೇ ಎತ್ತಿದ್ದು ಒಳ್ಳೆಯದಾಯಿತು. 1962ರಲ್ಲಿ ಫೂಲ್‌ಪುರದಲ್ಲಿ ನೆಹರೂ ಎದುರೇ ನಿಂತು ಸೋತವರು, ಮರುವರ್ಷ ಫರೂಕಾಬಾದ್ ಉಪಚುನಾವಣೆ ಗೆದ್ದು ಲೋಕಸಭೆಗೆ ಬಂದರು. ಆ ಆಗಸ್ಟಿನಲ್ಲಿ ವಿರೋಧ ಪಕ್ಷದ ಆಚಾರ್ಯ ಕೃಪಲಾನಿಯವರು ನೆಹರೂ ಸರ್ಕಾರದ ಮೇಲೆ ಅವಿಶ್ವಾಸ ಗೊತ್ತುವಳಿ ತಂದಾಗ ಲೋಹಿಯಾ ಆಡಿದ ಮಾತು ಇದು: ದೇಶದ 27 ಕೋಟಿ ಜನ ದಿನಕ್ಕೆ ಮೂರು ಆಣೆಯಲ್ಲಿ ಬದುಕುತ್ತಿದ್ದಾರೆ, ಪ್ರಧಾನಿಯೊಬ್ಬರಿಗೇ ದಿನಕ್ಕೆ 25,000 ರೂಪಾಯಿ ಖರ್ಚಾಗುತ್ತಿದೆ. ವರ್ಷಗಟ್ಟಲೆ ಜೈಲಿನಲ್ಲಿದ್ದು ಬಂದ, 73 ವಯಸ್ಸಿನ ನೆಹರೂಗೆ ಕೇಳಿದ ಲೆಕ್ಕ ಇದು. ಕಾಂಗ್ರೆಸ್ಸಿನವರಿಗಂತೂ ಸಭ್ಯತೆ ಅನಿಸಿರಲಿಕ್ಕಿಲ್ಲ. ಆದರೆ ನೆಹರೂ ಉತ್ತರ ಕೊಟ್ಟರು, ಯೋಜನಾ ಆಯೋಗದ ಲೆಕ್ಕ ಹಿಡಿದು ಮೂರಲ್ಲ, ಹದಿನೈದು ಆಣೆ ಎಂದರು. ಗೊತ್ತುವಳಿ 62ಕ್ಕೆ 347 ಮತಗಳಿಂದ ಬಿದ್ದುಹೋಯಿತು, ಅದು ಬೀಳುವುದು ಎಲ್ಲರಿಗೂ ಗೊತ್ತೇ ಇತ್ತು. ಆದರೆ ಹದಿನೈದು ಆಣೆ ಅಂದರೂ ರೂಪಾಯಿಗೆ ಒಂದು ಆಣೆ ಕಡಿಮೆಯೇ, ಸ್ವಾತಂತ್ರ್ಯ ಬಂದು ಹದಿನಾರು ವರ್ಷದ ಮೇಲೆ! ಅದು ಸರ್ಕಾರದ ಬಾಯಿಂದಲೇ ಬಂತು. ಲೋಹಿಯಾ ಮೆತ್ತಗೆ ಕೇಳಿದ್ದರೆ ಬರುತ್ತಿತ್ತು ಅಂತ ನನಗೆ ನಂಬಿಕೆ ಇಲ್ಲ.

ಇದೇ ಲೋಹಿಯಾ, ಇಂದಿರಾ ಗಾಂಧಿ ಪ್ರಧಾನಿಯಾದಾಗ ಅವರನ್ನು ಮೂಕ ಗೊಂಬೆ ಎಂದು ಕರೆದರು. ಇದಕ್ಕೆ ಏನಂತ ಉತ್ತರ ಕೊಡಬೇಕು ಹೇಳಿ? ಮೂರು ಆಣೆಗೆ ಹದಿನೈದು ಆಣೆ ಅನ್ನಬಹುದು. ಗೊಂಬೆ ಅಂದರೆ? ಅದರಲ್ಲಿ ಲೆಕ್ಕವೂ ಇಲ್ಲ, ಪ್ರಶ್ನೆಯೂ ಇಲ್ಲ, ಹೆಂಗಸಲ್ವಾ ಎಂಬ ತಾತ್ಸಾರ ಮಾತ್ರ. ಲೋಹಿಯಾ ಅಂದರೆ ನನಗೆ ತುಂಬಾ ಇಷ್ಟ, ಆದರೂ ಈ ಮಾತು ಪತ್ರವಾಗಿ ಬಂದಿದ್ದರೆ ಹಾಕುತ್ತಿರಲಿಲ್ಲ.

ಇನ್ನು ಗೌರವದ ವಿಷಯ. ಕಾಗೋಡು ನಿಮ್ಮ ಪಕ್ಕದಲ್ಲೇ ಇದೆ. ಗೇಣಿ ಭತ್ತ ಅಳೆಯುವ ಕೊಳಗ ದೊಡ್ಡದು ಎಂಬ ತಕರಾರಿನಿಂದಲೇ ಅಲ್ಲಿ 1951ರ ಗೇಣಿದಾರರ ಸತ್ಯಾಗ್ರಹ ಶುರುವಾಗಿದ್ದು, ಲೋಹಿಯಾ ಬಂದು ಬಂಧನವಾಗಿದ್ದು, ಎಲ್ಲಾ ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಜಮೀನಿನ ಒಡೆಯರ ಮುಂದೆ ನಿಂತು 'ನಿಮ್ಮ ಅಳತೆ ಸರಿಯಿಲ್ಲ' ಅನ್ನೋದಕ್ಕೆ ವಿನಯದ ದಾರಿ ಯಾವುದಿತ್ತು? ಎಷ್ಟು ಕೈಮುಗಿದು ಹೇಳಿದರೂ ಅದು ಸೊಕ್ಕಿನ ಮಾತೇ ಆಗುತ್ತಿತ್ತು. ಸಭ್ಯತೆಯ ಪಾಠ ಯಾವಾಗಲೂ ಕೆಳಗೆ ನಿಂತವನಿಗೇ ಜಾಸ್ತಿ.

ಹಾಗಂತ ಗಲಾಟೆಯೆಲ್ಲ ಸರಿ ಅಂತಲ್ಲ. 2025ರ ಮಾರ್ಚ್ 21ರಂದು ನಮ್ಮ ವಿಧಾನಸಭೆಯಲ್ಲಿ ಏನಾಯಿತು ನೋಡಿ. ಹನಿಟ್ರ್ಯಾಪ್ ವಿಷಯಕ್ಕೆ ಗದ್ದಲ, ಸ್ಪೀಕರ್ ಪೀಠದ ಕಡೆಗೆ ಹರಿದ ಕಾಗದ, ಬಿಜೆಪಿಯ 18 ಶಾಸಕರು ಆರು ತಿಂಗಳು ಅಮಾನತು. (ಮೇ ತಿಂಗಳಲ್ಲೇ ವಾಪಸ್ ತಗೊಂಡರು ಅನ್ನಿ.) ಟಿವಿಯವರು ಆ ಕಾಗದದ ಚೂರುಗಳನ್ನೇ ತೋರಿಸಿದರು. ಅದೇ ಗದ್ದಲದಲ್ಲಿ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೆ, ಮುಖ್ಯಮಂತ್ರಿಗಳದ್ದನ್ನು 75,000ದಿಂದ ಒಂದೂವರೆ ಲಕ್ಷಕ್ಕೆ ಏರಿಸುವ ಮಸೂದೆಗಳು ಚರ್ಚೆಯೇ ಇಲ್ಲದೆ ಪಾಸಾದವು. ಯಾರಾದರೂ ಎದ್ದು ನಿಂತು, 'ನಮ್ಮ ಸಂಬಳ ನಾವೇ ಡಬಲ್ ಮಾಡಿಕೊಳ್ಳೋಕೆ ನಾಚಿಕೆ ಆಗಲ್ವಾ, ಕಾರಣ ಹೇಳಿ' ಎಂದು ಒರಟಾಗಿ ಕೇಳಿದ್ದರೆ ನಾನು ಅವರ ಪರ ಇರುತ್ತಿದ್ದೆ. ಕಾಗದ ಎಸೆಯುವವರಿಗೆ ಅದಕ್ಕೆ ಪುರಸೊತ್ತು ಇರಲಿಲ್ಲ, ಆಡಳಿತದವರಿಗೆ ಅದು ಬೇಕಾಗಿಯೂ ಇರಲಿಲ್ಲ.

ಆ ಹುಡುಗನ ಪತ್ರ ಪೂರ್ತಿ ಅಚ್ಚಾಗಿಲ್ಲ ಎಂಬುದನ್ನೂ ಹೇಳಿಬಿಡುತ್ತೇನೆ. ಕೊನೆಯಲ್ಲಿ ಶಾಸಕರ ಜಾತಿ ಎತ್ತಿ ಒಂದು ಸಾಲು ಬರೆದಿದ್ದ. ಹೊಡೆದು ಹಾಕಿದೆ. ಫೋನ್ ಮಾಡಿ ಹೇಳಿದೆ ಕೂಡ. ಬೇಜಾರು ಮಾಡಿಕೊಂಡ, "ಅದೇ ಸಾರ್ ಮುಖ್ಯ" ಅಂದ. ಅಲ್ಲಪ್ಪಾ, ಟಾರು ಮುಖ್ಯ ಅಂದೆ. ಒಪ್ಪಿದನೋ ಇಲ್ಲವೋ ಗೊತ್ತಾಗಲಿಲ್ಲ.

'ನಾಚಿಕೆ ಆಗಲ್ವಾ' ಮಾತ್ರ ಹಾಗೇ ಬಿಟ್ಟೆ. ಎರಡು ಪೂಜೆ ಆದ ಮೇಲೆ ಅಷ್ಟು ಕೇಳದಿದ್ದರೆ ಹೇಗೆ? ಶಾಸಕರಿಗೂ ಸಂಚಿಕೆ ಕಳಿಸಿದ್ದೇವೆ. ಅವರ ಉತ್ತರ ಬಂದರೆ ಅದೇ ಪುಟದಲ್ಲಿ, ಅದೇ ಜಾಗದಲ್ಲಿ, ಒಂದಕ್ಷರ ಬಿಡದೆ ಹಾಕುತ್ತೇವೆ. ಅದೂ ಖಾರವಾಗಿದ್ದರೆ ಇರಲಿ, ಟಾರು ಯಾವಾಗ ಅಂತ ಅದರಲ್ಲಿ ಇದ್ದರೆ ಸಾಕು.

— ಸಂ.