ಕಾಲುವೆ ಏರಿಗೆ ಗ್ರಾವೆಲ್ ಬೈಕು ಸರಿ, ಬಳ್ಳಾರಿ ಜಾಲಿಗೆ?

ಪ್ರಶ್ನೆ: ನಾನು ಶಾಲಾ ಶಿಕ್ಷಕ. ಮನೆಯಿಂದ ಶಾಲೆಗೆ 14 ಕಿ.ಮೀ. ಅದರಲ್ಲಿ 5 ಕಿ.ಮೀ. ಕಾಲುವೆ ಏರಿ, ಉಳಿದದ್ದು ಡಾಂಬರು. ಭಾನುವಾರ ಆನೆಗೊಂದಿ, ಸಾಣಾಪುರದ ಕಡೆ ಹೋಗುವ ಚಟ ಬೇರೆ. ಈಗಿರುವುದು ಮುಂದೆ ಶಾಕ್ ಅಬ್ಸಾರ್ಬರ್ ಇರುವ ಅಗ್ಗದ ಎಂಟಿಬಿ (ಗುಡ್ಡಗಾಡಿನ ಸೈಕಲ್); ತುಳಿದು ತುಳಿದು ಸಾಕಾಗಿದೆ. ಗರಸಿನ ದಾರಿಗೆಂದೇ ಮಾಡಿದ ಸೈಕಲ್, ಅಂದರೆ ಗ್ರಾವೆಲ್ ಬೈಕು, ಎಲ್ಲದಕ್ಕೂ ಆಗುತ್ತದೆ ಅನ್ನುತ್ತಾರೆ. ನನ್ನ ತೂಕ 75 ಕೆ.ಜಿ. ತಗೊಳ್ಳಲೇ?
- ಗಂಗಾವತಿ ತಾಲ್ಲೂಕಿನ ಓದುಗರು

ಉತ್ತರ: ತಗೊಳ್ಳಿ ಮಾಸ್ತರೇ. ಆ 5 ಕಿ.ಮೀ. ಏರಿಯ ಸಲುವಾಗಿಯೇ ತಗೊಳ್ಳಿ. ಪೂರಾ ಡಾಂಬರು ಆಗಿದ್ದರೆ ಸಪೂರ ಟೈರಿನ ರೋಡ್ ಬೈಕು (ಡಾಂಬರಿನ ಸೈಕಲ್) ಸಾಕು ಅನ್ನುತ್ತಿದ್ದೆ. ಗರಸಿನ ದಾರಿ, ಮಧ್ಯೆ ಡಾಂಬರು, ಮತ್ತೆ ಗರಸು ಅಂದರೆ ಅದು ಈ ಬೈಕಿನ ತವರು.

ನೋಡಲು ರೋಡ್ ಬೈಕೇ: ಟಗರಿನ ಕೊಂಬಿನ ಹಾಗೆ ಬಾಗಿದ ಹ್ಯಾಂಡಲ್, ಶಾಕ್ ಇಲ್ಲ. ವ್ಯತ್ಯಾಸ ಇರುವುದು ಟೈರಿನಲ್ಲಿ. ರೋಡ್ ಬೈಕಿಗೆ 25ರಿಂದ 28 ಮಿ.ಮೀ. ಅಗಲದ್ದು, ಇದಕ್ಕೆ 38ರಿಂದ 45. ಚಕ್ರದಿಂದ ಚಕ್ರಕ್ಕೆ ಅಂತರವೂ ತುಸು ಹೆಚ್ಚು, ಹಾಗಾಗಿ ಸಡಿಲು ಗರಸಿನಲ್ಲಿ ಮುಂದಿನ ಚಕ್ರ ಸರಕ್ಕನೆ ಜಾರುವುದು ಕಡಿಮೆ. ನಿಮ್ಮ ಭಾಗದಲ್ಲಿ ಡಾಂಬರನ್ನೂ ಪೂರ್ತಿ ನಂಬುವ ಹಾಗಿಲ್ಲ. ಕೇಜ್ ವೀಲ್ (ಕಬ್ಬಿಣದ ಪಟ್ಟಿಯ ಚಕ್ರ) ಹಾಕಿದ ಟ್ರ್ಯಾಕ್ಟರ್ ಓಡಾಡಿ ಕೊಚ್ಚಿಹೋಗಿರುತ್ತದೆ. ಸುಗ್ಗಿ ಬಂತೆಂದರೆ ಅರ್ಧ ರಸ್ತೆ ಭತ್ತದ ಕಣ. ಅಲ್ಲೆಲ್ಲ ಈ ಅಗಲ ಟೈರು ಕಾಪಾಡುತ್ತದೆ. ಎದುರುಗಾಳಿಯಲ್ಲಿ ಹ್ಯಾಂಡಲಿನ ಕೆಳಭಾಗ ಹಿಡಿದು ಬಗ್ಗಿದರೆ, ನಿಮ್ಮ ಎಂಟಿಬಿಯಲ್ಲಿ ಎದೆಯೊಡ್ಡಿ ಕೂತು ಪಡುವ ಪಾಡು ತಪ್ಪುತ್ತದೆ. ಚೀಲ, ಬಾಟಲಿ, ಕ್ಯಾರಿಯರ್ ಬಿಗಿಯಲು ಫ್ರೇಮಿನಲ್ಲೇ ತೂತುಗಳಿರುತ್ತವೆ. ಟಿಫಿನ್ನು, ಉತ್ತರಪತ್ರಿಕೆ ಬೆನ್ನ ಮೇಲೆ ಹೊರಬೇಕಿಲ್ಲ.

ಗಿಯರಿನ ಬಗ್ಗೆ ಅಂಗಡಿಯವರು ತಲೆ ಕೆಡಿಸುತ್ತಾರೆ. ಮುಂದೆ ಪೆಡಲಿನ ಬಳಿ 40 ಹಲ್ಲಿನ ಒಂದೇ ಚಕ್ರ, ಹಿಂದೆ 11ರಿಂದ 42 ಹಲ್ಲಿನವು ಇದ್ದರೆ ಏರು ಸಲೀಸು. ತುದಿ ಗಿಯರಿನಲ್ಲಿ ನಿಮಿಷಕ್ಕೆ 90 ಸುತ್ತು ತುಳಿದರೆ ಗಂಟೆಗೆ 43 ಕಿ.ಮೀ. ಬರುತ್ತದೆ, ಶಾಲೆಗೆ ಹೋಗಲು ಅದಕ್ಕಿಂತ ಯಾಕೆ? ಆದರೆ ಒಂದೊಂದು ಗಿಯರಿನ ನಡುವೆ ಅಂತರ ದೊಡ್ಡದು. ರೋಡ್ ಬೈಕಿನವರ ಜೊತೆ ಗುಂಪಿನಲ್ಲಿ ಹೊರಟರೆ ಒಂದು ಗಿಯರು ಹಗುರ, ಮುಂದಿನದು ಭಾರ ಅನ್ನಿಸಿ, ಹೆದ್ದಾರಿಯಲ್ಲಿ ನಿಧಾನಕ್ಕೆ ಹಿಂದೆ ಬೀಳುತ್ತೀರಿ.

ಇನ್ನು ಸಾಣಾಪುರ. ರಸ್ತೆಯಲ್ಲಿ ಹೋಗಿ ಬರುವುದಾದರೆ ಚಿಂತೆಯಿಲ್ಲ. ಬಂಡೆಗಳ ನಡುವಿನ ಕಾಲುದಾರಿಗೆ ಇಳಿಸಿದಿರೋ, ಇದು ಎಂಟಿಬಿ ಅಲ್ಲ ಅನ್ನುವುದು ಮಣಿಕಟ್ಟಿಗೆ ಗೊತ್ತಾಗುತ್ತದೆ. ತಗಡಿನ ಹಾಗೆ ಸಾಲು ಉಬ್ಬೆದ್ದ ಮಣ್ಣಿನ ರಸ್ತೆಯಲ್ಲೂ ಕೈ ಜೋಮು ಹಿಡಿಯುತ್ತದೆ. ಎರೆ ಹೊಲದ ದಾರಿಗೆ ಮಳೆ ಬಿದ್ದ ಮೇಲಂತೂ ಹೋಗಲೇಬೇಡಿ. ಮಣ್ಣು ಟೈರಿಗೂ ಫ್ರೇಮಿಗೂ ನಡುವೆ ಅಂಟಿಕೊಂಡು ಚಕ್ರವೇ ತಿರುಗುವುದಿಲ್ಲ. ಒಮ್ಮೆ ನಾನು ಎರಡು ಫರ್ಲಾಂಗು ಹೊತ್ತು ನಡೆದಿದ್ದೇನೆ, ಹೊಲದಲ್ಲಿದ್ದ ಅಜ್ಜ "ಸೈಕಲ್ ನಿಮ್ಮನ್ನ ಹೊರಬೇಕೋ, ನೀವು ಸೈಕಲ್ಲನ್ನೋ?" ಅಂತ ಕೇಳಿದ. ಫ್ರೇಮಿನಲ್ಲಿ 45ಕ್ಕೆ ಜಾಗವಿದ್ದರೂ 38 ಅಥವಾ 40ರ ಟೈರೇ ಹಾಕಿ. ಉಳಿದ ಸಂದು ಮಣ್ಣಿಗಿರಲಿ.

ನಿಜವಾದ ವೈರಿ ಮುಳ್ಳು. ಆ ಗಿಡಕ್ಕೆ ಬಳ್ಳಾರಿ ಜಾಲಿ ಅಂತಲೇ ಹೆಸರು, ಕಾಲುವೆ ಏರಿಯೆಂದರೆ ಅದಕ್ಕೆ ಪ್ರೀತಿ. ಟ್ಯೂಬ್‌ಲೆಸ್ ಮಾಡಿಸಿ, ಒಳಗೆ ಸೀಲೆಂಟ್ ದ್ರಾವಣ ಹಾಕಿಸಿ. ಮುಳ್ಳು ಕಿತ್ತು ಚಕ್ರ ತಿರುಗಿಸಿದರೆ ಸಣ್ಣ ತೂತು ತಾನೇ ಮುಚ್ಚುತ್ತದೆ. ನಮ್ಮ ಬಿಸಿಲಿಗೆ ಆ ದ್ರಾವಣ ಬೇಗ ಒಣಗುವುದರಿಂದ ಬೇಸಿಗೆಯಲ್ಲಿ ಎರಡು ತಿಂಗಳಿಗೊಮ್ಮೆ ನೋಡಿ, ತುಂಬಿಸಿ. ಗಾಳಿ 35ರಿಂದ 40 ಪಿಎಸ್‌ಐ ಸಾಕು. ಕಲ್ಲಿನ ಹಾಗೆ ಗಟ್ಟಿ ಮಾಡಿಕೊಂಡರೆ ಅಗಲ ಟೈರು ಹಾಕಿಸಿ ಏನು ಬಂತು?

ಆದರೂ ಒಂದು ಟ್ಯೂಬು ಚೀಲದಲ್ಲಿರಲಿ. ಟೈರೇ ಹರಿದರೆ, ಊರಿನ ಅಂಗಡಿಯಲ್ಲಿ ಸಿಗುವ "28 ಇಂಚು" ಟೈರು ಹಳೆಯ ಕರಿ ಸೈಕಲ್ಲಿನದು. ಅದರ ರಿಮ್ಮು 635 ಮಿ.ಮೀ., ನಿಮ್ಮದು 622. ಆ ಟೈರು ಕೂರುವುದಿಲ್ಲ. ವಾಲ್ವ್ ಸಪೂರದ್ದಾದರೆ ಪಂಪಿಗೆ ಹಚ್ಚುವ ಹಿತ್ತಾಳೆ ಅಡಾಪ್ಟರ್ ಜೇಬಿನಲ್ಲಿಟ್ಟುಕೊಳ್ಳಿ. ರಿಪೇರಿ ಊರಲ್ಲೇ ಆಗಬೇಕು ಅನ್ನುವ ಕಾರಣಕ್ಕೆ ಕೇಬಲ್ ಎಳೆಯುವ ಡಿಸ್ಕ್ ಬ್ರೇಕು ಆರಿಸಿ ಅನ್ನುತ್ತೇನೆ. ಎಣ್ಣೆ ಬ್ರೇಕು ಮೃದು, ನಿಜ. ಅದರ ಎಣ್ಣೆ ಬದಲಿಸಲು ಬರುವವರನ್ನು ಹುಡುಕಿ ಎಷ್ಟು ದೂರ ಹೋಗುತ್ತೀರಿ?

ಪ್ರಶ್ನೆ: ಹಳೆಯ ರೋಡ್ ಬೈಕಿಗೆ ಅಗಲ ಟೈರು ಹಾಕಿದರೆ ಗ್ರಾವೆಲ್ ಬೈಕು ಆಗುತ್ತದೆಯೇ?
- ಸಿಂಧನೂರಿನ ಓದುಗರು

ಉತ್ತರ: ಆಗುವುದಿಲ್ಲ. ರಿಮ್ಮಿಗೆ ಒತ್ತುವ ಹಳೆಯ ಬ್ರೇಕಿನ ಬೈಕುಗಳಲ್ಲಿ ಬಹುಪಾಲು 28ಕ್ಕಿಂತ ಅಗಲದ್ದು ಕೂರುವುದಿಲ್ಲ, ಬ್ರೇಕಿನ ಕೆಳಗೇ ಉಜ್ಜುತ್ತದೆ. ಅದಕ್ಕಿಂತ ಶಾಕ್ ಇಲ್ಲದ ಹಳೆಯ 26 ಇಂಚಿನ ಎಂಟಿಬಿ ಹುಡುಕಿ, ಅಷ್ಟಾಗಿ ಗುಬಟಿಲ್ಲದ ಟೈರು ಹಾಕಿಸಿ. ಅದರ ಟ್ಯೂಬು ಸಿಂಧನೂರಿನಲ್ಲೇ ಸಿಗುತ್ತದೆ.